ಸಂಡೇ ಸ್ಕೂಲಿಗೂ ಗೈಡ್ ಬೇಕೆ?

ಧಾರವಾಡಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವರಿಗೆ ಮೊದಲ ವಾರವೇ ಸಿಗುವ ಬುದ್ಧಿಮಾತು ಒಂದಿದೆ: ಗೈಡ್ ಬದಿಗಿಡಿ, ಆರರಿಂದ ಹತ್ತನೇ ತರಗತಿವರೆಗಿನ ಪಠ್ಯಪುಸ್ತಕಗಳನ್ನು ಮೊದಲಿಂದ ಓದಿ. ಕೋಚಿಂಗ್ ಕೊಡುವ ಸರ್‌ಗಳೂ ಇದನ್ನೇ ಹೇಳುತ್ತಾರೆ, ಪಾಸಾಗಿ ಹೋದ ಸೀನಿಯರ್‌ಗಳೂ ಇದನ್ನೇ ಹೇಳುತ್ತಾರೆ. ಆದರೂ ಸಪ್ತಾಪುರದ ಪುಸ್ತಕದಂಗಡಿಗೆ ಹೋದರೆ ನಮ್ಮಲ್ಲಿ ಬಹಳ ಜನ ಕೈಹಾಕುವುದು ಗೈಡಿಗೇ. ಒಂದು ಸಾಲಿನ ಪ್ರಶ್ನೆ, ಒಂದು ಸಾಲಿನ ಉತ್ತರ, ಓದಿ ಮುಗಿಸಿದ ಸಮಾಧಾನ. ಅದೇ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಸ್ವಲ್ಪ ತಿರುಗಿಸಿ ಕೇಳಿದಾಗ ಆ ಸಮಾಧಾನ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ.

ನಮ್ಮ ಕ್ರೈಸ್ತ ಮನೆಗಳ ಮಕ್ಕಳಿಗೆ ನಾವು ಧರ್ಮ ಕಲಿಸುತ್ತಿರುವ ರೀತಿಯೂ ಹೀಗೇ ಆಗಿದೆ ಎನ್ನುವುದು ನನ್ನ ದೂರು. ವಾರದಲ್ಲಿ ಆರು ದಿನ ಲೈಬ್ರರಿಯಲ್ಲಿ ಕೂರುವ ನಾನು ಭಾನುವಾರ ಬೆಳಿಗ್ಗೆ ಒಂದು ಚರ್ಚಿನ ಸಂಡೇ ಸ್ಕೂಲಿನಲ್ಲಿ 10ರಿಂದ 14 ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರೇ. ಡಿಗ್ರಿ ಓದುತ್ತಿರುವವರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು. ಹಿರಿಯರ ಕಣ್ಣಿಗೆ ನಾವು ಭಾನುವಾರವೂ ಖಾಲಿ ಇರುವ ಜನ! ಹಾಗಾಗಿ ಈ ಮಾತನ್ನು ಪಾದ್ರಿಗಳಿಗಿಂತ ಮೊದಲು ನಮ್ಮ ನಮ್ಮಲ್ಲೇ ಆಡಿಕೊಳ್ಳುವುದು ಒಳ್ಳೆಯದು.

ಸಂಡೇ ಸ್ಕೂಲ್ ಗೊತ್ತಿಲ್ಲದವರಿಗೆ ಎರಡು ಮಾತು. ಆರಾಧನೆಗೆ ಮೊದಲೋ ನಂತರವೋ ಒಂದು ಗಂಟೆ ಮಕ್ಕಳಿಗೆ ತರಗತಿ ಇರುತ್ತದೆ. ಒಂದು ಹಾಡು, ಅದಕ್ಕೆ ಕೈಕಾಲಿನ ಅಭಿನಯ, ಒಂದು ಕಥೆ, ಕಥೆಗೊಂದು ನೀತಿ, ಬಾಯಿಪಾಠಕ್ಕೆ ಒಂದು ವಚನ, ಚಿಕ್ಕವರಾದರೆ ಬಣ್ಣ ಹಚ್ಚಲು ಒಂದು ಚಿತ್ರ. ವರ್ಷಕ್ಕೊಮ್ಮೆ ಬೈಬಲ್ ಕ್ವಿಜ್. ಎಲ್ಲರಿಗಿಂತ ಹೆಚ್ಚು ವರ್ಷ ಬದುಕಿದವನು ಯಾರು? ಮೆತೂಷೆಲಹ, 969 ವರ್ಷ. ಬೈಬಲಿನಲ್ಲಿ ಪುಸ್ತಕಗಳೆಷ್ಟು? 66. ಗಂಟೆ ಬಾರಿಸಿದ ಕೂಡಲೇ ಉತ್ತರ ಹೇಳುವ ಮಕ್ಕಳಿದ್ದಾರೆ. ಇವೆಲ್ಲ ಬೇಡವೆಂದಲ್ಲ, ಮಕ್ಕಳು ಖುಷಿಯಾಗಿರುತ್ತಾರೆ. ಆದರೆ ಈ ಒಂದು ಗಂಟೆಯಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ಮಗು ತನ್ನ ಕೈಯಲ್ಲಿ ಹಿಡಿದು ಒಂದು ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದುವುದು ಎಷ್ಟು ಕಡೆ ನಡೆಯುತ್ತಿದೆ? ನಾನು ನೋಡಿದ ಕಡೆಗಳಲ್ಲಿ ಬಹಳ ಕಡಿಮೆ.

ಯೋನನ ಕಥೆಯನ್ನೇ ತೆಗೆದುಕೊಳ್ಳಿ. ಸಂಡೇ ಸ್ಕೂಲಿಗೆ ಹೋದ ಯಾವ ಮಗುವನ್ನು ಕೇಳಿದರೂ ಗೊತ್ತು: ದೇವರ ಮಾತು ಕೇಳದೆ ಹಡಗು ಹತ್ತಿ ಓಡಿಹೋದ, ಸಮುದ್ರಕ್ಕೆ ಬಿದ್ದ, ತಿಮಿಂಗಿಲ ನುಂಗಿತು, ಮೂರು ದಿನದ ಮೇಲೆ ಹೊರಗೆ ಬಂದ, ಆದ್ದರಿಂದ ದೊಡ್ಡವರ ಮಾತು ಕೇಳಬೇಕು. ಗ್ರಂಥದಲ್ಲಿ ತಿಮಿಂಗಿಲ ಎಂದಿಲ್ಲ, ದೊಡ್ಡ ಮೀನು ಎಂದಿದೆ; ಅದು ಸಣ್ಣ ವಿಷಯ, ಬಿಡಿ. ಆದರೆ ಮೀನಿನ ಕಥೆ ಮುಗಿಯುವುದು ಎರಡನೇ ಅಧ್ಯಾಯದ ಕೊನೆಗೆ. ಪುಸ್ತಕದಲ್ಲಿ ಇರುವುದು ನಾಲ್ಕು ಅಧ್ಯಾಯ, ಒಟ್ಟು 48 ವಚನ. ಅಸಲು ವಿಷಯ ಇರುವುದು ನಾವು ಕೈಬಿಡುವ ಆ ಕೊನೆಯ ಅರ್ಧದಲ್ಲಿ. ಯೋನ ನಿನವೆ ಪಟ್ಟಣಕ್ಕೆ ಹೋಗಿ ಸಾರುತ್ತಾನೆ, ಶತ್ರುಗಳ ಆ ಊರು ಪಶ್ಚಾತ್ತಾಪ ಪಡುತ್ತದೆ, ದೇವರು ಶಿಕ್ಷೆಯನ್ನು ಕೈಬಿಡುತ್ತಾನೆ. ಆಗ ಪ್ರವಾದಿಗೆ ಸಿಟ್ಟು ಬರುತ್ತದೆ. ಸಾಯುವುದೇ ಮೇಲು ಎನ್ನುವಷ್ಟು ಸಿಟ್ಟು.

ಕಳೆದ ವರ್ಷ ನಮ್ಮ ತರಗತಿಯಲ್ಲಿ ನಾಲ್ಕು ಭಾನುವಾರ ಇದೊಂದೇ ಪುಸ್ತಕ ಓದಿದೆವು. ಒಬ್ಬೊಬ್ಬರು ನಾಲ್ಕೈದು ವಚನ. ಕೊನೆಯ ಅಧ್ಯಾಯಕ್ಕೆ ಬಂದಾಗ ಒಬ್ಬ ಹುಡುಗ ತಡೆದು ಕೇಳಿದ: ‘ಅಕ್ಕಾ, ಊರು ಉಳೀತಲ್ಲ, ಇಂವಗ್ಯಾಕ ಸಿಟ್ಟು?’ ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬಳು ಹೇಳಿದಳು: ‘ಬಿ ಸೆಕ್ಷನ್‌ನವರನ್ನ ಟೀಚರ್ ಬೈದು ಹಂಗ ಬಿಟ್ರ ನಿನಗ ಸಿಟ್ಟ ಬರಂಗಿಲ್ಲೇನು?’ ಎಲ್ಲರೂ ನಕ್ಕರು. ಕೊನೆಗೆ ದೇವರು ಯೋನನಿಗೆ ಒಂದು ಪ್ರಶ್ನೆ ಕೇಳುತ್ತಾನೆ. ಬಾಡಿಹೋದ ಒಂದು ಗಿಡಕ್ಕಾಗಿ ನೀನು ಇಷ್ಟು ಮರುಗುವೆಯಲ್ಲ, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿರುವ, ದನಕರುಗಳಿರುವ ಆ ಊರಿಗಾಗಿ ನಾನು ಮರುಗಬಾರದೇ ಎಂಬ ಅರ್ಥದ ಪ್ರಶ್ನೆ. ‘ಮುಂದ? ಯೋನ ಏನಂದ?’ ಎಂದು ಮಕ್ಕಳು ಪುಟ ತಿರುವಿದರು. ಅಲ್ಲಿ ಮೀಕನ ಪುಸ್ತಕ ಶುರುವಾಗಿತ್ತು. ಯೋನ ಏನೆಂದನೋ ಗ್ರಂಥ ಹೇಳುವುದೇ ಇಲ್ಲ. ಅವನು ಏನು ಹೇಳಿರಬಹುದು ಎಂದು ಅವತ್ತು ನಡೆದ ಜಗಳವನ್ನು ಯಾವ ಬಣ್ಣದ ಪುಸ್ತಕವೂ ಹುಟ್ಟಿಸಲಾರದು. ಶತ್ರುವಿಗೂ ಕರುಣೆ ಸಿಗಬೇಕೇ ಎಂಬ ಪ್ರಶ್ನೆಯನ್ನು 11 ವರ್ಷದ ಮಕ್ಕಳು ತಾವಾಗಿಯೇ ಎತ್ತಿದ್ದರು. ನಾವು ಅವರಿಗೆ ಕೊಡಲು ಹೊರಟಿದ್ದದ್ದು ದೊಡ್ಡವರ ಮಾತು ಕೇಳಬೇಕು ಎಂಬ ನೀತಿ.

ಸಂಡೇ ಸ್ಕೂಲ್ ಶುರುವಾದ ಬಗೆ ನೆನೆದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಒಡೆಯರು ಬೀದಿ ಮಕ್ಕಳಿಗಾಗಿ ಭಾನುವಾರದ ತರಗತಿ ತೆರೆದರು. ಆ ಮಕ್ಕಳು ವಾರದ ಆರು ದಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ರಜೆ ಇದ್ದದ್ದು ಭಾನುವಾರ ಒಂದೇ. ಅವರಿಗೆ ಮೊದಲು ಕಲಿಸಿದ್ದು ಅಕ್ಷರ. ಪಠ್ಯ ಬೈಬಲ್. ಆ ಮಕ್ಕಳು ತಾವೇ ಓದುವಂತಾಗಬೇಕು ಎಂಬುದೇ ಉದ್ದೇಶ. ನಮ್ಮ ಮಕ್ಕಳಿಗೆ ಅಕ್ಷರ ಬರುತ್ತದೆ. ಪುಸ್ತಕ ಮನೆಯಲ್ಲಿದೆ, ಮೊಬೈಲಿನಲ್ಲೂ ಇದೆ. ಓದಿಸುವುದನ್ನು ಮಾತ್ರ ಬಿಟ್ಟಿದ್ದೇವೆ.

ಕರ್ನಾಟಕದ ಮಟ್ಟಿಗೂ ಈ ಮಾತು ನಿಜ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡಕ್ಕೆ ಬಂದಿತ್ತು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್‌ನವರು ಶಾಲೆ ತೆರೆದರು, 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಹಾಕಿದರು. ತುಳು ಮಾತಾಡುವವರಿಗೆ ತುಳುವಿನಲ್ಲೇ ಓದಲು ಸಿಗಲೆಂದು 1840ರ ದಶಕದಲ್ಲೇ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದರು. 1894ರ ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟ್ಟೆಲ್ ಅವರು ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿಗೆ ತಂದದ್ದು 1862ರಲ್ಲಿ. ಕಥೆಯನ್ನು ನಮ್ಮ ಮಾತಿನಲ್ಲಿ ಚೆನ್ನಾಗಿ ಹೇಳುವುದೂ ಒಂದು ವಿದ್ಯೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟೆಲ್ಲ ಮೊಳೆ ಜೋಡಿಸಿದ್ದು, ಅಕ್ಷರ ಕಲಿಸಿದ್ದು ಜನ ಪುಸ್ತಕವನ್ನು ಕೈಯಲ್ಲಿ ಹಿಡಿಯಲಿ ಎಂದು.

ಇಲ್ಲಿ ಪ್ರಶ್ನೋತ್ತರದ ಪರವಾಗಿಯೂ ಒಂದು ಮಾತು ಹೇಳಬೇಕು. ಮಾರ್ಟಿನ್ ಲೂಥರ್ ಸ್ಯಾಕ್ಸನಿಯ ಹಳ್ಳಿಗಳ ಚರ್ಚುಗಳನ್ನು ನೋಡಿ ಬಂದು, ಜನರಿಗೆ ಮೂಲ ಪಾಠಗಳೇ ಗೊತ್ತಿಲ್ಲವಲ್ಲ ಎಂದು ಕಂಗಾಲಾಗಿ 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ಮನೆಯ ಯಜಮಾನ ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಕಲಿಸಲಿ ಎಂದು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದಲ್ಲಿ 129 ಪ್ರಶ್ನೆಗಳಿವೆ, ವರ್ಷದ 52 ಭಾನುವಾರಗಳಿಗೆ ಹಂಚಿದ್ದಾರೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರಿಗೆ ಇವು ಬೇಕು. ಬಸ್ಸಿನ ಬೋರ್ಡು ಇದ್ದ ಹಾಗೆ. ಬೋರ್ಡು ಓದಿದ ಮಾತ್ರಕ್ಕೆ ಊರು ಮುಟ್ಟಿದಂತಾಗುವುದಿಲ್ಲ ಅಷ್ಟೇ. ಲೂಥರ್ ಪ್ರಶ್ನೋತ್ತರ ಬರೆದು ಸುಮ್ಮನೆ ಕೂರಲಿಲ್ಲ. ಇಡೀ ಬೈಬಲನ್ನು ಜರ್ಮನ್ ಭಾಷೆಗೆ ತಂದು 1534ರಲ್ಲಿ ಜನರ ಕೈಗಿಟ್ಟರು. ನನ್ನ ಪಿಜಿಯಲ್ಲಿರುವ ಮಂಗಳೂರಿನ ಕ್ಯಾಥೊಲಿಕ್ ಗೆಳತಿ ಚಿಕ್ಕಂದಿನಲ್ಲಿ ‘ದೊತೊರ್ನ್’ ಕಲಿತವಳು. ಕೊಂಕಣಿಯಲ್ಲಿ ಧರ್ಮಪಾಠಕ್ಕೆ ಹಾಗೆನ್ನುತ್ತಾರೆ. ಅವರ ಸಭೆಯಲ್ಲೂ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧರ್ಮಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕು ಎಂದು ಸ್ಪಷ್ಟವಾಗಿ ಹೇಳಿತು. ಅವರಿಗೆ 73 ಪುಸ್ತಕ, ನಮಗೆ 66. ಓದದೇ ಇಡುವುದರಲ್ಲಿ ಇಬ್ಬರೂ ಒಂದೇ ಎಂದು ನಾವು ತಮಾಷೆ ಮಾಡಿಕೊಳ್ಳುತ್ತೇವೆ.

ಇಷ್ಟಕ್ಕೂ ಇದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟ ಕಾಣುವುದು ಹತ್ತು ವರ್ಷದಲ್ಲಲ್ಲ, ಇಪ್ಪತ್ತರಲ್ಲಿ, ಇಪ್ಪತ್ತೈದರಲ್ಲಿ. ಅಂದರೆ ನಮ್ಮಲ್ಲಿ.

ಊರಿನ ನನ್ನ ಜೊತೆಯ ಹುಡುಗನೊಬ್ಬ ಚಿಕ್ಕಂದಿನಲ್ಲಿ ಬಾಯಿಪಾಠದಲ್ಲಿ ಪ್ರತಿ ವರ್ಷ ಮೊದಲ ಬಹುಮಾನ ಪಡೆಯುತ್ತಿದ್ದ. ನೂರು ವಚನ ನಿಂತಲ್ಲೇ ಹೇಳುತ್ತಿದ್ದ. ಡಿಗ್ರಿ ಮುಗಿದು ಮೂರು ವರ್ಷ ಕೆಲಸವಿಲ್ಲದೆ ಸೋತಾಗ ಅವನ ಮೊಬೈಲಿಗೆ ಒಬ್ಬ ಬೋಧಕ ಸಿಕ್ಕಿದ. ಕೆಲಸ ಸಿಗದಿರುವುದು ನಿನ್ನ ಅಪನಂಬಿಕೆಯ ಫಲ, ‘ಬೀಜದ ಕಾಣಿಕೆ’ ಬಿತ್ತು, ನೂರುಪಟ್ಟು ಬೆಳೆಯುತ್ತೀ ಎಂದು ಅವನ ಬೋಧನೆ. ಪ್ರತಿ ಮಾತಿಗೂ ಒಂದು ವಚನ ತೋರಿಸುತ್ತಿದ್ದ. ಗೆಳೆಯ ಕೈಗಡ ಮಾಡಿ ಯುಪಿಐನಲ್ಲಿ ದುಡ್ಡು ಹಾಕಿದ. ಒಂದಲ್ಲ, ಮೂರು ಸಲ. ಅವನ ಅಪ್ಪ ಗಾರೆ ಕೆಲಸದವರು.

ಆ ಹುಡುಗನಿಗೆ ನೂರು ವಚನ ಕಲಿಸಿದ ನಮ್ಮ ವ್ಯವಸ್ಥೆ ಯೋಬನ ಪುಸ್ತಕವನ್ನು ಒಮ್ಮೆಯೂ ಓದಿಸಿರಲಿಲ್ಲ. ಓದಿದ್ದರೆ ಆ ಬೋಧಕನ ದನಿಯನ್ನು ಅವನು ತಕ್ಷಣ ಗುರುತಿಸುತ್ತಿದ್ದ. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನ ಹತ್ತಿರ ಬಂದ ಗೆಳೆಯರು ಪುಟಗಟ್ಟಲೆ ಹೇಳುವುದು ಅದನ್ನೇ: ನೀನು ಏನೋ ತಪ್ಪು ಮಾಡಿದ್ದೀ, ಅದಕ್ಕೇ ಹೀಗಾಗಿದೆ. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಒಂಟಿ ವಚನ ಎಷ್ಟೇ ಬಾಯಿಗೆ ಬಂದರೂ ಕಾಯುವುದಿಲ್ಲ ಎಂಬುದಕ್ಕೆ ಸುವಾರ್ತೆಯಲ್ಲೇ ಸಾಕ್ಷಿ ಇದೆ. ಮತ್ತಾಯನ ನಾಲ್ಕನೇ ಅಧ್ಯಾಯದಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ಕೀರ್ತನೆಗಳಿಂದ ವಚನ ಹೇಳುತ್ತಾನೆ. ಸರಿಯಾಗಿಯೇ ಹೇಳುತ್ತಾನೆ. ಬಾಯಿಪಾಠ ಸ್ಪರ್ಧೆ ಇಟ್ಟಿದ್ದರೆ ಅವನಿಗೂ ಬಹುಮಾನ ಬರುತ್ತಿತ್ತು.

ಇನ್ನೊಂದು ಉದಾಹರಣೆ ನಮ್ಮಂಥ ಉದ್ಯೋಗಾಕಾಂಕ್ಷಿಗಳಿಗೆ ಬಹಳ ಹತ್ತಿರದ್ದು. ಪರೀಕ್ಷೆಯ ಹಿಂದಿನ ರಾತ್ರಿ ನಮ್ಮವರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ ಕಾಣುತ್ತದೆ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಒಳಿತಿನದು, ನಿಮಗೊಂದು ಭವಿಷ್ಯವಿದೆ ಎಂಬ ಭಾವದ ಮಾತು. ಹಿನ್ನೆಲೆಗೆ ಸೂರ್ಯೋದಯದ ಚಿತ್ರ. ಅದೇ ಅಧ್ಯಾಯವನ್ನು ಮೊದಲಿಂದ ಓದಿದರೆ ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರ. ಬೇಗ ಬಿಡುಗಡೆ ಆಗುತ್ತದೆ ಎಂದು ಹೇಳುವ ಪ್ರವಾದಿಗಳನ್ನು ನಂಬಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ನಿಮ್ಮನ್ನು ಸೆರೆಯೊಯ್ದ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, 70 ವರ್ಷ ಆದ ಮೇಲೆ ನೋಡೋಣ ಎನ್ನುತ್ತದೆ ಆ ಪತ್ರ. ನೇಮಕಾತಿ ಅಧಿಸೂಚನೆಗೆ ಕಾಯುವವರಿಗೆ 70 ವರ್ಷ ಅಷ್ಟೇನೂ ಜಾಸ್ತಿ ಅನ್ನಿಸಲಿಕ್ಕಿಲ್ಲ! ತಮಾಷೆ ಬದಿಗಿರಲಿ. ಇಡೀ ಪತ್ರ ಓದಿದವರಿಗೆ ಆ ವಚನ ನಾಳೆಯ ರಿಸಲ್ಟಿನ ಗ್ಯಾರಂಟಿ ಕಾರ್ಡಾಗಿ ಉಳಿಯುವುದಿಲ್ಲ. ರಿಸಲ್ಟ್ ಬಂದು ಹೆಸರಿಲ್ಲದ ದಿನವೂ ಹಿಡಿದುಕೊಳ್ಳಬಹುದಾದ ಮಾತಾಗುತ್ತದೆ. ನನ್ನ ಹೆಸರು ಇಲ್ಲದ ಎರಡು ಪಟ್ಟಿಗಳನ್ನು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳ ಕೈಗೆ ಗ್ರಂಥವನ್ನೇ ಕೊಟ್ಟರೆ ತಪ್ಪರ್ಥ ಮಾಡಿಕೊಳ್ಳುತ್ತಾರೆ ಎಂಬುದು ಹಿರಿಯರ ಆಕ್ಷೇಪ. ಸುಳ್ಳೇನಲ್ಲ. ಆದರೆ ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯ ನೋಡಿ. ಐಥಿಯೋಪ್ಯದ ಒಬ್ಬ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಫಿಲಿಪ್ಪ ಓಡಿಬಂದು, ಓದುವುದು ಅರ್ಥವಾಗುತ್ತಿದೆಯೇ ಎಂದು ಕೇಳುತ್ತಾನೆ. ಯಾರೂ ದಾರಿ ತೋರಿಸದಿದ್ದರೆ ಹೇಗೆ ಎಂದು ಅಧಿಕಾರಿ ಅವನನ್ನು ಹತ್ತಿಸಿಕೊಳ್ಳುತ್ತಾನೆ. ಫಿಲಿಪ್ಪ ಅವನ ಕೈಯಿಂದ ಸುರುಳಿ ಕಿತ್ತುಕೊಂಡು, ಇದು ನಿನಗೆ ಕಷ್ಟ, ಸಾರಾಂಶ ಹೇಳುತ್ತೇನೆ ಎನ್ನಲಿಲ್ಲ. ಪಕ್ಕದಲ್ಲಿ ಕೂತು, ಅವನು ಓದುತ್ತಿದ್ದ ಅದೇ ಭಾಗದಿಂದಲೇ ಶುರು ಮಾಡಿದ. ಟೀಚರ್ ಕೂರಬೇಕಾದ ಜಾಗ ಅದು, ಪುಸ್ತಕ ಮಗುವಿನ ತೊಡೆಯ ಮೇಲೇ ಇರಲಿ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಗುರುಗಳ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದನೆಂದು ಲೂಕ ಬರೆಯುತ್ತಾನೆ. ಪಸ್ಕದ ಊಟದಲ್ಲಿ ಮಕ್ಕಳು ‘ಈ ಆಚರಣೆ ಯಾಕೆ’ ಎಂದು ಕೇಳುತ್ತಾರೆ, ಆಗ ಹೇಳಿ ಎಂಬ ಸೂಚನೆ ವಿಮೋಚನಕಾಂಡದಲ್ಲೇ ಇದೆ. ಪ್ರಶ್ನೆ ಮಗುವಿನದು. ನಮ್ಮ ಕ್ವಿಜ್‌ನಲ್ಲಿ ಪ್ರಶ್ನೆ ಯಾವಾಗಲೂ ದೊಡ್ಡವರದು.

ಎಲ್ಲವನ್ನೂ ಎಲ್ಲ ವಯಸ್ಸಿಗೂ ಓದಿಸಿ ಎಂದು ನಾನು ಹೇಳುತ್ತಿಲ್ಲ. ನ್ಯಾಯಸ್ಥಾಪಕರ ಪುಸ್ತಕದ ಕೆಲವು ಅಧ್ಯಾಯಗಳು ದೊಡ್ಡವರಿಗೇ ಅರಗುವುದಿಲ್ಲ. ಆದರೆ ದಾವೀದ ಗೊಲ್ಯಾತನನ್ನು ಕವಣೆಯಿಂದ ಹೊಡೆದದ್ದನ್ನು ಆರು ವರ್ಷಕ್ಕೆ ಹೇಳಿದವರು, ಅದೇ ದಾವೀದ ರಾಜನಾದ ಮೇಲೆ ತನ್ನ ಸೈನಿಕನ ಹೆಂಡತಿಯನ್ನು ಕರೆಸಿಕೊಂಡು, ಆ ಸೈನಿಕನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಸಾಯಿಸಿದ್ದನ್ನು, ನಾತಾನನೆಂಬ ಪ್ರವಾದಿ ಅರಮನೆಗೇ ಹೋಗಿ ಅವನ ಮುಖಕ್ಕೆ ಹೇಳಿದ್ದನ್ನು ಹದಿನಾಲ್ಕು ವರ್ಷಕ್ಕಾದರೂ ಓದಿಸಬೇಕಲ್ಲವೇ? ತಮ್ಮ ದೊಡ್ಡ ರಾಜನ ಪಾಪವನ್ನು ತಮ್ಮ ಪವಿತ್ರ ಗ್ರಂಥದಲ್ಲೇ ಬರೆದಿಟ್ಟುಕೊಂಡ ಜನ ಅವರು. ಇದನ್ನು ಮುಚ್ಚಿಟ್ಟರೆ ಹಾಸ್ಟೆಲಿನ ರೂಮ್‌ಮೇಟ್ ಒಂದು ದಿನ ಯೆಹೋಶುವನ ಯುದ್ಧಗಳನ್ನೋ ದಾವೀದನ ತಪ್ಪನ್ನೋ ಎತ್ತಿ ಆಡಿದಾಗ, ಮೊದಲ ಸಲ ಅದನ್ನು ಕೇಳುವ ಹುಡುಗನಿಗೆ ಉತ್ತರ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ನಮ್ಮವರು ಇದನ್ನು ನನ್ನಿಂದ ಮುಚ್ಚಿಟ್ಟಿದ್ದರು ಎಂದು ಅವನಿಗೆ ಅನ್ನಿಸುತ್ತದೆ. ಯೆಹೋಶುವನ ಭಾಗಗಳು ನನಗೂ ಕಷ್ಟ. ಹಾಗೆಂದು ಮಕ್ಕಳಿಗೆ ಹೇಳುತ್ತೇನೆ. ಟೀಚರಿಗೆ ಎಲ್ಲ ಗೊತ್ತಿರಬೇಕೆಂದು ಅವರೇನೂ ಹಟ ಹಿಡಿದಿಲ್ಲ.

ಭಾಷೆಯ ತೊಡಕು ನಿಜವಾದದ್ದು. ನಮ್ಮ ತರಗತಿಯ ಅರ್ಧ ಮಕ್ಕಳು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತು ಕನ್ನಡ, ಓದು ತಡವರಿಕೆ. ಸತ್ಯವೇದದ ಹಳೆಯ ಅನುವಾದದ ಕನ್ನಡ ಅವರಿಗೆ ಇನ್ನೂ ದೂರ. ಸರಳ ಕನ್ನಡದ ಅನುವಾದಗಳು ಈಗ ಸಿಗುತ್ತವೆ, ನಾವು ಎರಡನ್ನೂ ಇಟ್ಟುಕೊಳ್ಳುತ್ತೇವೆ. ಹಳೆಯದನ್ನು ಬಿಡಲು ನನಗೆ ಮನಸ್ಸಿಲ್ಲ. ಬೆತ್ಲೆಹೇಮಿಗೆ ನಕ್ಷತ್ರ ನೋಡಿ ಬಂದವರನ್ನು ಅದು ‘ಜೋಯಿಸರು’ ಎನ್ನುತ್ತದೆ. ಕ್ರಿಸ್ಮಸ್ ನಾಟಕಕ್ಕೆ ಮೂರು ಕಿರೀಟ ಮಾಡಿಸುವ ನಮ್ಮ ಮಕ್ಕಳು ಅಲ್ಲಿ ರಾಜರೂ ಇಲ್ಲ, ಮೂವರು ಎಂಬ ಲೆಕ್ಕವೂ ಇಲ್ಲ ಎಂದು ತಾವೇ ಕಂಡುಹಿಡಿದು ಹಿಗ್ಗಿದರು. ‘ಒಡಂಬಡಿಕೆ’ ಎಂದರೇನು ಎಂದು ಕೇಳಿದಾಗ, ಅಪ್ಪ ಹೊಲ ಪಾಲಿಗೆ ಹಾಕಿಕೊಂಡಿರುವ ಹುಡುಗನೊಬ್ಬ ‘ಕರಾರು ಪತ್ರ ಇದ್ದಂಗ’ ಎಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಇದು ಕ್ರೈಸ್ತ ಮನೆಗಳ ಮಕ್ಕಳ ಮಾತು, ಚರ್ಚಿನ ಒಳಗಿನ ಮಾತು ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಶಾಲೆಯಲ್ಲಿ ಬೈಬಲ್ ಇರಬೇಕೇ ಎಂಬ ವಿವಾದ 2022ರಲ್ಲಿ ಬೆಂಗಳೂರಿನಲ್ಲಿ ಎದ್ದದ್ದು ಓದುಗರಿಗೆ ನೆನಪಿರಬಹುದು. ಆ ಪ್ರಶ್ನೆ ಬೇರೆ. ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ಸರಿಯಾಗಿಯೇ ಇದೆ.

ಈ ಬೇಸಿಗೆಯ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆಗೆ ಏನೇನು ತರಿಸಬೇಕೆಂದು ಸಮಿತಿಯವರು ಪಟ್ಟಿ ಕೇಳಿದ್ದಾರೆ. ಹಿಂದಿನ ವರ್ಷದ ಪಟ್ಟಿಯಲ್ಲಿ ಬಣ್ಣ ಹಚ್ಚುವ ಪುಸ್ತಕ 40, ಕ್ರೇಯಾನ್ ಡಬ್ಬಿ 40, ಕ್ವಿಜ್ ಬಹುಮಾನಕ್ಕೆ ಸ್ಟೀಲ್ ಡಬ್ಬಿ 12 ಎಂದಿತ್ತು. ಕ್ರೇಯಾನ್ ಹಾಗೇ ಇರಲಿ ಎಂದಿದ್ದೇನೆ. ಸ್ಟೀಲ್ ಡಬ್ಬಿ ಅವರಿಗೆ ಬಿಟ್ಟದ್ದು. ಬಣ್ಣದ ಪುಸ್ತಕದ ಜಾಗದಲ್ಲಿ ಮಾರ್ಕನ ಸುವಾರ್ತೆ ಎಂದು ಬರೆದು ಕೊಟ್ಟಿದ್ದೇನೆ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ದೊಡ್ಡ ಅಕ್ಷರದ್ದು, 40 ಪ್ರತಿ.